ನಿಂತ ಮರಕ್ಕೆ ಬಡ್ಡಿ ಬರುತ್ತದಾ?

ಓದುಗರ ಜಮಾಖರ್ಚು: ಗ್ರಾಮೀಣ ಬ್ಯಾಂಕಿನ ನಿವೃತ್ತ ಅಧಿಕಾರಿಯೊಬ್ಬರ ಉತ್ತರಗಳು

ಈ ಸಲ ಬೆಳೆಸಾಲದ ಪ್ರಶ್ನೆಗಳನ್ನು ಬದಿಗಿಟ್ಟಿದ್ದೇನೆ. ಒಂದೇ ತಿಂಗಳಲ್ಲಿ ಮರದ ಬಗ್ಗೆ ನಾಲ್ಕು ಪತ್ರ ಬಂದಿವೆ. ನಾಲ್ಕನ್ನೂ ಒಟ್ಟಿಗೇ ಓದಿದರೆ ಚೆನ್ನ ಅನ್ನಿಸಿತು.

ನನಗೆ ಎರಡೂವರೆ ಎಕರೆ ಜಮೀನಿದೆ. ಇಪ್ಪತ್ತು ಗುಂಟೆ ಅಡಿಕೆ ತೋಟ, ಉಳಿದದ್ದು ಗದ್ದೆ. ಹಳ್ಳದ ಬದಿಯ ಮುಕ್ಕಾಲು ಎಕರೆ ಮಾತ್ರ ಕಾಡು ಬಿಟ್ಟಿದ್ದೇನೆ. ಹೊರದೇಶದಲ್ಲಿ ಹೀಗೆ ಕಾಡು ಉಳಿಸಿದ ರೈತರಿಗೆ ಸರ್ಕಾರವೇ ದುಡ್ಡು ಕೊಡುತ್ತದೆ ಎಂದು ಮಗ ಮೊಬೈಲಿನಲ್ಲಿ ತೋರಿಸಿದ. ನಿಜವಾ? ಅದರಿಂದ ನಮ್ಮಂಥವರ ಬಡತನ ಕಡಿಮೆ ಆಗುತ್ತದಾ?
— ಓದುಗರು, ಸಿದ್ದಾಪುರ ತಾಲ್ಲೂಕು

ದುಡ್ಡು ಕೊಡುವುದು ನಿಜ. ನಿಮ್ಮ ಮಗ ತೋರಿಸಿದ್ದು ಬಹುಶಃ ಕೋಸ್ಟರಿಕಾ. ಮಧ್ಯ ಅಮೆರಿಕದ ಪುಟ್ಟ ದೇಶ. 1996ರಲ್ಲಿ ಅಲ್ಲಿ ಹೊಸ ಅರಣ್ಯ ಕಾನೂನು ಬಂತು. ಮರುವರ್ಷದಿಂದ ಖಾಸಗಿ ಜಮೀನಿನಲ್ಲಿ ಕಾಡು ಉಳಿಸಿಕೊಂಡವರಿಗೆ ಹಣ ಕೊಡಲು ಶುರು ಮಾಡಿದರು. ದಾನ ಅಂತ ಅಲ್ಲ, ಸೇವೆಗೆ ಕೂಲಿ ಅಂತ. ನಿಮ್ಮ ಕಾಡು ನೀರು ಹಿಡಿದುಕೊಡುತ್ತದೆ, ಹೊಗೆ ಹೀರುತ್ತದೆ, ಪ್ರಾಣಿ ಪಕ್ಷಿಗೆ ಜಾಗ ಕೊಡುತ್ತದೆ, ನೋಡಲು ಚಂದ ಇದೆ. ಈ ನಾಲ್ಕೂ ಸೇವೆಯನ್ನು ಕಾನೂನಿನಲ್ಲೇ ಬರೆದರು. ಹಣ ಎಲ್ಲಿಂದ? ಪೆಟ್ರೋಲ್ ಡೀಸೆಲ್ ಮೇಲಿನ ತೆರಿಗೆಯಲ್ಲಿ ಶೇ 3.5ರಷ್ಟನ್ನು ಇದಕ್ಕೆಂದೇ ತೆಗೆದಿಟ್ಟರು. ಕಾರು ಓಡಿಸುವವನು ಕಾಡು ಕಾಯುವವನಿಗೆ ಕೊಡಲಿ ಎಂಬ ಲೆಕ್ಕ. ನನಗೆ ಈ ಭಾಗ ಬಹಳ ಹಿಡಿಸಿತು.

ಆದರೆ ಬ್ಯಾಂಕಿನವನಾಗಿ ಒಂದು ಮಾತು ಹೇಳಲೇಬೇಕು. ಆ ದೇಶದ ಕಾಡು ಕಡಿಸಿದ್ದರಲ್ಲಿ ಬ್ಯಾಂಕ್ ಸಾಲದ್ದೂ ದೊಡ್ಡ ಪಾಲು. ಕಾಡು ತೆಗೆದು ಹುಲ್ಲುಗಾವಲು ಮಾಡಿ ದನ ಸಾಕುವವರಿಗೆ ಸುಲಭ ಬಡ್ಡಿಯಲ್ಲಿ ಸಾಲ ಕೊಟ್ಟರು. 1980ರ ದಶಕದ ಹೊತ್ತಿಗೆ ಉಳಿದದ್ದು ದೇಶದ ಕಾಲು ಭಾಗದಷ್ಟು ಕಾಡು. ಈಗ ಅರ್ಧಕ್ಕಿಂತ ಜಾಸ್ತಿ ಇದೆ. ಇದಕ್ಕೆಲ್ಲ ಆ ಕೂಲಿಯೇ ಕಾರಣ ಎನ್ನುವವರ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ದನದ ಮಾಂಸದ ಬೆಲೆ ಬಿದ್ದು ಹುಲ್ಲುಗಾವಲು ಪಾಳು ಬಿದ್ದಿತ್ತು. ಅದೇ ಕಾನೂನು ಕಾಡನ್ನು ಬೇರೆ ಬಳಕೆಗೆ ತೆಗೆಯುವುದನ್ನೂ ನಿಷೇಧಿಸಿತ್ತು. ಒಂದು ಕೈಯಲ್ಲಿ ಬೆತ್ತ, ಇನ್ನೊಂದು ಕೈಯಲ್ಲಿ ಬೆಲ್ಲ.

ಈಗ ನಿಮ್ಮ ಮುಕ್ಕಾಲು ಎಕರೆಗೆ ಬರೋಣ. ಅಲ್ಲಿ ಬಹಳ ವರ್ಷ ಇದ್ದ ದರ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 64 ಡಾಲರ್. ನಮ್ಮ ಎಕರೆ ಲೆಕ್ಕಕ್ಕೆ ಇಳಿಸಿದರೆ ಎರಡು ಸಾವಿರ ರೂಪಾಯಿ ಚಿಲ್ಲರೆ. ನಿಮಗೆ ಸಾವಿರದ ಐನೂರು ಸಿಕ್ಕೀತು ಅಂದುಕೊಳ್ಳುತ್ತೀರಿ. ಸಿಗುವುದಿಲ್ಲ! ಕಾಡು ಕಾಯುವ ಒಪ್ಪಂದಕ್ಕೆ ಕನಿಷ್ಠ 2 ಹೆಕ್ಟೇರ್, ಅಂದರೆ ಐದು ಎಕರೆ, ಕಾಡು ಇರಬೇಕು. ನಿಮ್ಮ ಇಡೀ ಹಿಡುವಳಿಯೇ ಅದರ ಅರ್ಧ. ಮೇಲಿಂದ ಜಮೀನಿನ ಕಾಗದ ಸರಿಯಿರಬೇಕು, ಅರಣ್ಯ ಎಂಜಿನಿಯರ್ ಕೈಯಲ್ಲಿ ಯೋಜನೆ ಬರೆಸಬೇಕು, ಅವರಿಗೆ ಫೀಸು ಕೊಡಬೇಕು. ಹಾಗಾಗಿ ಮೊದಮೊದಲು ಈ ಹಣದ ದೊಡ್ಡ ಪಾಲು ದೊಡ್ಡ ಜಮೀನಿನವರಿಗೆ ಹೋಯಿತು. ಅವರಲ್ಲಿ ಎಷ್ಟೋ ಜನ ಪಟ್ಟಣದಲ್ಲಿ ಕೂತವರು. ಆಮೇಲೆ ಸರ್ಕಾರ ಎಚ್ಚೆತ್ತು ಹಿಂದುಳಿದ ಜಿಲ್ಲೆಗಳ ಅರ್ಜಿಗಳಿಗೆ, ಬುಡಕಟ್ಟು ಪ್ರದೇಶಗಳಿಗೆ ಆದ್ಯತೆ ಕೊಡಲು ನಿಯಮ ಮಾಡಿತು. ಕಾಡು ಉಳಿಸಿದ್ದಕ್ಕೆ ಆ ದೇಶಕ್ಕೆ 2021ರಲ್ಲಿ ಅರ್ಥ್‌ಶಾಟ್ ಬಹುಮಾನ ಬಂತು. ಬಹುಮಾನ ಬರಬೇಕಾದ್ದೇ. ಬಡತನಕ್ಕೆ ಅಂತ ಕೊಟ್ಟ ಬಹುಮಾನ ಅದಲ್ಲ, ಅಷ್ಟೇ.

ಇಲ್ಲಿ ನನ್ನದೇ ಒಂದು ಕಥೆ ಹೇಳುತ್ತೇನೆ.

ನಾನು ಆಗ ಶಿರಸಿ ಕಡೆಯ ಒಂದು ಶಾಖೆಯಲ್ಲಿದ್ದೆ. ಶುಕ್ರವಾರ ಸಂಜೆ ನಾಲ್ಕರ ಮೇಲೆ ಒಬ್ಬರು ಬಂದರು. ಹೆಂಡತಿಯನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಹತ್ತು ಸಾವಿರ ಬೇಕು ಅಂದರು. ಪಹಣಿ ಜಂಟಿ ಖಾತೆಯಲ್ಲಿತ್ತು. ಅಣ್ಣನ ಸಹಿ ಬೇಕಿತ್ತು, ಅಣ್ಣ ಊರಲ್ಲಿರಲಿಲ್ಲ. ನಾನು ನಿಯಮದ ಪ್ರಕಾರ ‘ಸೋಮವಾರ ಬನ್ನಿ’ ಅಂದೆ. ಸೋಮವಾರ ಅವರು ಬರಲಿಲ್ಲ. ಮುಂದಿನ ವಾರ ಬೇರೆ ಕೆಲಸಕ್ಕೆ ಆ ಊರಿಗೆ ಹೋದಾಗ ಹೊಳೆದಂಡೆಯಲ್ಲಿ ಅವರ ಅಪ್ಪೆಮಿಡಿ ಮರ ಇರಲಿಲ್ಲ. ಬುಡ ಮಾತ್ರ ಇತ್ತು, ಇನ್ನೂ ಸೊನೆ ಒಸರುತ್ತಿತ್ತು. ಶನಿವಾರ ಬೆಳಿಗ್ಗೆ ನಾಟಾ ವ್ಯಾಪಾರಿ ಹನ್ನೊಂದು ಸಾವಿರ ಕೈಗೆ ಕೊಟ್ಟು ಕೊಯ್ದುಕೊಂಡು ಹೋಗಿದ್ದ. ಉಪ್ಪಿನಕಾಯಿಗೆ ಆ ಮರದ ಮಿಡಿ ಅಂದರೆ ಊರಿಗೇ ಜೀವ. ಫಲ ಬಂದ ವರ್ಷ ಮಿಡಿ ಮಾರಿಯೇ ಅದರ ಅರ್ಧ ದುಡ್ಡು ಬರುತ್ತಿತ್ತು. ಅವರಿಗೇನು ಅದು ಗೊತ್ತಿರಲಿಲ್ಲವಾ? ನನಗಿಂತ ಚೆನ್ನಾಗಿ ಗೊತ್ತಿತ್ತು. ‘ಮರ ಸೋಮವಾರ ಬಾ ಅನ್ನಲಿಲ್ಲ ಮಾರಾಯ್ರೆ’ ಅಂದರು. ನಗುತ್ತಲೇ ಹೇಳಿದರು. ಇವತ್ತಿಗೂ ನನಗೆ ಆ ಹೊಳೆದಂಡೆ ದಾಟುವಾಗ ಮುಖ ಬಿಸಿಯಾಗುತ್ತದೆ.

ಮರ ಬಡವರ ಎಫ್‌ಡಿ. ತುರ್ತಿಗೆ ಮುರಿಯುತ್ತಾರೆ, ಲುಕ್ಸಾನಾದರೂ ಮುರಿಯುತ್ತಾರೆ.

ಇದನ್ನು ನಾನೊಬ್ಬ ಕಂಡದ್ದಲ್ಲ. ಆಫ್ರಿಕಾದ ಉಗಾಂಡಾದಲ್ಲೂ ಇದೇ ಕಂಡಿದೆ. ಅಲ್ಲಿನ ಪಶ್ಚಿಮದ ಹೊಯಿಮಾ, ಕಿಬಾಲೆ ಜಿಲ್ಲೆಗಳಲ್ಲಿ ಕಾಡಿನ ತುಂಡುಗಳು ಸಣ್ಣ ರೈತರ ಸ್ವಂತ ಜಮೀನಿನಲ್ಲಿವೆ. ಚಿಂಪಾಂಜಿಗಳು ಆ ತುಂಡಿನಿಂದ ಈ ತುಂಡಿಗೆ ಓಡಾಡಿಕೊಂಡು ಬದುಕುತ್ತವೆ. ಜನ ಮರವನ್ನು ನಾಟಾಕ್ಕೆ, ಇದ್ದಿಲಿಗೆ ಮಾರುತ್ತಿದ್ದರು. ಕೇಳಿದರೆ ಕಾರಣ ಅದೇ: ಸ್ಕೂಲ್ ಫೀಸು, ಆಸ್ಪತ್ರೆ. 2011ರಿಂದ 2013ರವರೆಗೆ ಅಲ್ಲಿ ಒಂದು ಪ್ರಯೋಗ ಮಾಡಿದರು. 121 ಹಳ್ಳಿ ಆರಿಸಿ, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 60 ಹಳ್ಳಿಯವರಿಗೆ ಮರ ಕಡಿಯದಿದ್ದರೆ ಹೆಕ್ಟೇರಿಗೆ ವರ್ಷಕ್ಕೆ 70,000 ಉಗಾಂಡಾ ಶಿಲ್ಲಿಂಗ್ ಕೊಡುತ್ತೇವೆ ಅಂದರು. ಕೇಳಲು ದೊಡ್ಡದು, ಆಗಿನ ಲೆಕ್ಕಕ್ಕೆ 28 ಡಾಲರ್ ಅಷ್ಟೇ. ಉಳಿದ 61 ಹಳ್ಳಿಗೆ ಏನೂ ಇಲ್ಲ. ಬಿದ್ದ ಸೌದೆ ಆರಿಸಿಕೊಳ್ಳಬಹುದು, ಮನೆ ಬಳಕೆಗೆ ಒಂದೆರಡು ಬಲಿತ ಮರ ತೆಗೆಯಬಹುದು ಎಂಬ ಸಡಿಲಿಕೆಯೂ ಇತ್ತು. ಈ ಸಡಿಲಿಕೆ ಬರೆದವರು ಹಳ್ಳಿ ಕಂಡವರೇ ಇರಬೇಕು.

ಎರಡು ವರ್ಷದ ಮೇಲೆ ಉಪಗ್ರಹದ ಚಿತ್ರ ತೆಗೆದು ನೋಡಿದರು. ಹಣ ಕೊಡದ ಹಳ್ಳಿಗಳಲ್ಲಿ ಮರದ ಹೊದಿಕೆ ಶೇ 9.1ರಷ್ಟು ಕಡಿಮೆಯಾಗಿತ್ತು. ಕೊಟ್ಟ ಹಳ್ಳಿಗಳಲ್ಲಿ ಶೇ 4.2. ಅರ್ಧಕ್ಕರ್ಧ ಉಳಿತಾಯ. ಅದೂ ಅರ್ಹರಲ್ಲಿ ಮೂರನೇ ಒಂದು ಪಾಲು ಜನ ಮಾತ್ರ ಸೇರಿದಾಗ.

ಈ ಲೆಕ್ಕ ಓದಿದಾಗ ನನಗೆ ಖುಷಿಯೂ ಆಯಿತು, ಒಂದು ಅನುಮಾನವೂ ಬಂತು. 28 ಡಾಲರಿಗೆ ಯಾರ ಬಡತನವೂ ಹೋಗುವುದಿಲ್ಲ. ಜೊತೆಗೆ ದುಡ್ಡು ಬರುತ್ತಿದ್ದದ್ದು ವರ್ಷದ ಕೊನೆಗೆ. ಆಸ್ಪತ್ರೆ ಖರ್ಚು ವರ್ಷದ ಕೊನೆಯವರೆಗೆ ಕಾಯುವುದಿಲ್ಲ. ಉಳಿದ ಮೂರರಲ್ಲಿ ಎರಡು ಪಾಲು ಜನ ಯಾಕೆ ಸೇರಲಿಲ್ಲ ಎಂದು ಕೇಳಿದರೆ ನಾನು ಆ ಶುಕ್ರವಾರವನ್ನೇ ನೆನೆಸಿಕೊಳ್ಳುತ್ತೇನೆ. ಹಣ ಎಷ್ಟು ಅನ್ನುವುದಕ್ಕಿಂತ ಯಾವಾಗ ಅನ್ನುವುದು ಜಾಸ್ತಿ ಮುಖ್ಯ. ಕಷ್ಟದ ಹೊತ್ತಿಗೆ, ಕಾಗದ ಪತ್ರದ ರಗಳೆ ಇಲ್ಲದೆ ಕೈಗೆ ಸಿಕ್ಕರೆ ಹತ್ತು ಸಾವಿರವೂ ಮರ ಉಳಿಸುತ್ತದೆ, ಮನೆಯನ್ನೂ ಉಳಿಸುತ್ತದೆ.

ಅದಕ್ಕೇ ನನಗೆ ಕೋಸ್ಟರಿಕಾಕ್ಕಿಂತ ವಯನಾಡಿನ ಮೀನಂಗಾಡಿ ಪಂಚಾಯಿತಿಯ ಉಪಾಯ ಹತ್ತಿರ ಕಾಣುತ್ತದೆ. ನಮ್ಮ ಗುಂಡ್ಲುಪೇಟೆ ದಾಟಿ ಕೇರಳದ ಕಡೆ ಹೋದರೆ ಸಿಗುವ ಊರು. ಅಲ್ಲಿ ಮರವನ್ನು ಅಡವಿಟ್ಟುಕೊಂಡು ಸಹಕಾರಿ ಬ್ಯಾಂಕ್ ಮೂಲಕ ಹಣ ಕೊಡುವ ಯೋಜನೆ ಮಾಡಿದರು. ಮರ ಎಲ್ಲಿದೆ ಎಂದು ಮೊಬೈಲಿನಲ್ಲಿ ಗುರುತು ಹಾಕುತ್ತಾರೆ. ಮರಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಹತ್ತು ವರ್ಷ, ಬಡ್ಡಿ ಇಲ್ಲದ ಸಾಲ. ಮರ ನಿಂತಿರುವಷ್ಟು ದಿನ ತೀರಿಸಬೇಕಾಗಿಲ್ಲ. ಕಡಿದರೆ ತೀರಿಸಬೇಕು. 50 ರೂಪಾಯಿ ತೀರಾ ಕಡಿಮೆ, ಒಪ್ಪುತ್ತೇನೆ. ಎಂಟು ಮರ ಇದ್ದವನಿಗೆ ವರ್ಷಕ್ಕೆ ನಾನೂರು ರೂಪಾಯಿ. ಆದರೆ ಇಲ್ಲಿ ಎಕರೆ ಲೆಕ್ಕ ಇಲ್ಲ, ಮರದ ಲೆಕ್ಕ. ಮನೆ ಹಿತ್ತಲಲ್ಲಿ ನಾಲ್ಕು ಹಲಸು ಇದ್ದವನೂ ಬರಬಹುದು. ಹಣ ಕೊಡುವುದು ಊರ ಸೊಸೈಟಿ. ನಾನು ಇದನ್ನು ಮಾಡುವುದಾದರೆ ದರ ಏರಿಸುತ್ತಿದ್ದೆ, ಮತ್ತು ಹತ್ತು ವರ್ಷದ ಹಣದಲ್ಲಿ ಒಂದಿಷ್ಟನ್ನು ಆಸ್ಪತ್ರೆ ಚೀಟಿ ತೋರಿಸಿದ ದಿನವೇ ಮುಂಗಡ ಕೊಡುತ್ತಿದ್ದೆ.

ನಮ್ಮಲ್ಲಿ ಏನಿದೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದೆ. ಇಲಾಖೆಯ ನರ್ಸರಿಯಿಂದ ಸಸಿ ತಂದು ನೆಟ್ಟರೆ, ಬದುಕಿ ಉಳಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ ಎಂದು ನನ್ನ ಕಾಲಕ್ಕೆ ಇತ್ತು. ಈಗಿನ ದರವನ್ನು ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳಿ. ಒಳ್ಳೆಯ ಯೋಜನೆ. ಆದರೆ ಇದು ಹೊಸ ಸಸಿಗೆ. ನಿಮ್ಮ ಅಜ್ಜನ ಕಾಲದಿಂದ ಹಳ್ಳದ ಬದಿಯಲ್ಲಿ ನಿಂತ ಹೊನ್ನೆ, ಮತ್ತಿಗೆ ಇಲ್ಲ. ಕಾಡು ಕಡಿದು ಸಸಿ ನೆಟ್ಟವನಿಗೆ ದುಡ್ಡು, ಕಾಡನ್ನು ಹಾಗೇ ಬಿಟ್ಟವನಿಗೆ ಶಹಬ್ಬಾಸ್ ಮಾತ್ರ. ಇದನ್ನು ಸಂಬಂಧಪಟ್ಟವರ ಎದುರು ನಾನು ಎರಡು ಸಲ ಹೇಳಿದ್ದೇನೆ. ಕಾಫಿ ಕೊಟ್ಟು ಕಳಿಸಿದರು.

ಹಾಗಾಗಿ ಸದ್ಯಕ್ಕೆ ನಿಮ್ಮ ಮುಕ್ಕಾಲು ಎಕರೆಯಿಂದ ಬರುವ ಆದಾಯ ಹಳ್ಳದ ನೀರೇ. ಬೇಸಿಗೆಯಲ್ಲಿ ನಿಮ್ಮ ಇಪ್ಪತ್ತು ಗುಂಟೆ ತೋಟಕ್ಕೆ ಎಷ್ಟು ದಿನ ನೀರು ಬಂತು ಎಂದು ಈ ವರ್ಷದಿಂದ ಒಂದು ಪುಸ್ತಕದಲ್ಲಿ ಬರೆದಿಡಿ. ಯೋಜನೆ ಬಂದ ದಿನ ಆ ಪುಸ್ತಕ ಪಹಣಿಗಿಂತ ಜಾಸ್ತಿ ಕೆಲಸಕ್ಕೆ ಬಂದೀತು.

ಮರ ಕಡಿಯಬೇಡ ಎಂದು ಹಣ ಕೊಡುವುದು ಲಂಚ ಅಲ್ವಾ? ನಾಳೆ ಎಲ್ಲರೂ ಕೊಡಲಿ ಹಿಡಿದು ನಿಂತು ‘ಕೊಡುತ್ತೀರೋ, ಕಡಿಯಲೋ’ ಎಂದರೆ?
— ಓದುಗರು, ದಾವಣಗೆರೆ

ಪ್ರಶ್ನೆ ಚುರುಕಾಗಿದೆ. ಎಲ್ಲರಿಗೂ ಕೊಟ್ಟರೆ ಹಣ ಪೋಲು, ಕಡಿಯುವವನಿಗೆ ಮಾತ್ರ ಕೊಟ್ಟರೆ ಕಾಯ್ದವನಿಗೆ ಮೋಸ. ಕಡಿಯುವ ಯೋಚನೆಯೇ ಇಲ್ಲದ ದೊಡ್ಡ ಜಮೀನಿನವನಿಗೆ ಕೊಟ್ಟ ಹಣದಿಂದ ಒಂದು ಎಲೆಯೂ ಜಾಸ್ತಿ ಉಳಿಯುವುದಿಲ್ಲ. ಕೋಸ್ಟರಿಕಾದ ಮೇಲೆ ಇದೇ ದೂರು ಇದೆ.

ಆದರೆ ಲಂಚ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕೇರಳದಲ್ಲಿ 2020ರಿಂದ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡ ಮಾಲೀಕರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ಕೊಡಲು ಶುರು ಮಾಡಿದರು. ಅದಕ್ಕೆ ಅವರು ಇಟ್ಟ ಹೆಸರು ರಾಯಲ್ಟಿ. ಗದ್ದೆ ನೀರು ಇಂಗಿಸುತ್ತದೆ, ಪ್ರವಾಹ ತಡೆಯುತ್ತದೆ, ಆ ಲಾಭ ಕೆಳಗಿನ ಪೇಟೆಗೂ ಹೋಗುತ್ತದೆ. ಹಿಮಾಚಲದ ಪಾಲಂಪುರದಲ್ಲೂ ಹೀಗೇ. ಪಟ್ಟಣಕ್ಕೆ ನೀರು ಬರುವುದು ಬೋಹಲ್ ಎಂಬ ಊರಿನ ಊಟೆಯಿಂದ. 2010ರಲ್ಲಿ ಪುರಸಭೆ ಮೇಲಿನ ಹಳ್ಳಿಗಳ ಅರಣ್ಯ ಸಮಿತಿಯ ಜೊತೆ 20 ವರ್ಷದ ಒಪ್ಪಂದ ಮಾಡಿಕೊಂಡಿತು, ವರ್ಷಕ್ಕೆ 10,000 ರೂಪಾಯಿ. ಮೊತ್ತ ನೋಡಿ ನನಗೆ ನಗು ಬಂತು. ಇಡೀ ಪಟ್ಟಣದ ನೀರಿಗೆ ಇಷ್ಟೇನಾ? ಆದರೂ ನೀರು ಕುಡಿಯುವವರು ನೀರು ಕಾಯುವವರಿಗೆ ಬಾಕಿ ಇದ್ದಾರೆ ಎಂದು ಕಾಗದದ ಮೇಲೆ ಒಪ್ಪಿಕೊಂಡರಲ್ಲ. ನಿಮ್ಮೂರಿನ ನಾಲೆಯಲ್ಲಿ ಹರಿಯುವ ಭದ್ರೆಯೂ ಮಲೆನಾಡಿನವಳೇ ಸ್ವಾಮಿ. ಸುಮ್ನೆ ನೆನಪಿಸಿದೆ.

ನಾನು ಪದವಿ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ನಮಗೆ ಜಮೀನಿಲ್ಲ. ಅಪ್ಪ ತೋಟದವರ ಬೆಟ್ಟದಲ್ಲಿ ಸೊಪ್ಪು ಕಡಿಯುವ ಕೂಲಿ ಮಾಡುತ್ತಾರೆ. ಅಮ್ಮ ದರಕು, ಅಂದರೆ ಒಣಗಿದ ತರಗೆಲೆ, ಗುಡಿಸಿ ತರುತ್ತಾರೆ. ಬೆಟ್ಟ ಉಳಿಸಿದ್ದಕ್ಕೆ ತೋಟದವರಿಗೆ ಹಣ ಬಂದರೆ ನಮ್ಮ ಮನೆಗೆ ಏನು ಬರುತ್ತದೆ?
— ಓದುಗರು, ಹೊಸನಗರ ತಾಲ್ಲೂಕು

ತಂಗಿ, ನಾಲ್ಕು ಪತ್ರದಲ್ಲಿ ನನ್ನನ್ನು ಅಲ್ಲಾಡಿಸಿದ್ದು ನಿನ್ನದು. ನೇರ ಉತ್ತರ: ಏನೂ ಬರುವುದಿಲ್ಲ. ಅಪ್ಪನ ಕೂಲಿ ದಿನಗಳು ಕಡಿಮೆಯಾದರೂ ಆಗಬಹುದು. ಬೆಟ್ಟಕ್ಕೆ ಹೋಗಬೇಡಿ ಎಂದು ಅಮ್ಮನಿಗೆ ಯಾರಾದರೂ ಹೇಳಲೂಬಹುದು.

ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಹಾಕುವ ಸೊಪ್ಪಿಗೆಂದು ಬಿಟ್ಟ ಕಾಡಿನ, ಲೆಕ್ಕ ನೋಡು. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ತನಕ ಬೆಟ್ಟ ಬಿಟ್ಟುಕೊಟ್ಟಿದ್ದಾರೆ. ಬೆಟ್ಟ ಸರ್ಕಾರದ್ದು, ಸೊಪ್ಪಿನ ಸವಲತ್ತು ತೋಟದವರದ್ದು, ಕತ್ತಿ ಹಿಡಿಯುವ ಕೈ ನಿನ್ನ ಅಪ್ಪನದ್ದು. ನಾಳೆ ಹಣ ಬಂದರೆ ಕಚೇರಿಯವರು ಕೇಳುವುದು ಕಾಗದ. ಕತ್ತಿಯ ಹೆಸರು ಯಾವ ಕಾಗದದಲ್ಲೂ ಇಲ್ಲ.

ಮೆಕ್ಸಿಕೋದಲ್ಲಿ 2003ರಿಂದ ನೀರಿನ ಕಾಡಿಗೆ ಹಣ ಕೊಡುತ್ತಿದ್ದಾರೆ. ಅಲ್ಲಿ ಬಹಳಷ್ಟು ಕಾಡು ಊರ ಸಮುದಾಯದ್ದು, ಎಹಿದೋ ಎನ್ನುತ್ತಾರೆ. ಹಣ ಊರ ಸಭೆಗೆ ಬರುತ್ತದೆ. ಕೆಲವು ಊರುಗಳು ಸದಸ್ಯರಿಗೆ ಹಂಚಿಬಿಡುತ್ತವೆ. ಕೆಲವು ಬೆಂಕಿ ಗೆರೆ ಹೊಡೆಯಲು, ಕಾಡು ಕಾವಲಿಗೆ ಕೂಲಿ ಕೊಡುತ್ತವೆ. ಎರಡನೆಯದರಲ್ಲಿ ನಿಮ್ಮಂಥ ಮನೆಗೂ ಪಾಲಿದೆ. ಮೊದಲನೆಯದರಲ್ಲಿ ಇಲ್ಲ, ಯಾಕೆಂದರೆ ಅಲ್ಲೂ ಊರಲ್ಲಿ ಇದ್ದವರೆಲ್ಲ ಸದಸ್ಯರಲ್ಲ.

ದಕ್ಷಿಣ ಆಫ್ರಿಕಾ ಮಾತ್ರ ಲೆಕ್ಕವನ್ನೇ ತಿರುಗಿಸಿತು. 1995ರಲ್ಲಿ ಅಲ್ಲಿ ‘ನೀರಿಗಾಗಿ ದುಡಿಮೆ’ ಎಂಬ ಅರ್ಥದ ಹೆಸರಿನಲ್ಲಿ ಒಂದು ಕಾರ್ಯಕ್ರಮ ಶುರುವಾಯಿತು. ಹೊರಗಿನಿಂದ ಬಂದ ಅಕೇಶಿಯಾ ಜಾತಿಯ ಮರ, ನೀಲಗಿರಿ, ಪೈನ್ ಹೊಳೆಗಳ ನೀರು ಹೀರುತ್ತಿದ್ದವು. ಅವನ್ನು ಕಿತ್ತು ತೆಗೆಯುವ ಕೆಲಸಕ್ಕೆ ನಿರುದ್ಯೋಗಿ ಬಡವರನ್ನು ದಿನಗೂಲಿಗೆ ತೆಗೆದುಕೊಂಡರು. ಹೆಂಗಸರಿಗೆ ದೊಡ್ಡ ಪಾಲು ಮೀಸಲಿಟ್ಟರು. ಜಮೀನು ಯಾರ ಹೆಸರಲ್ಲಿದೆ ಎಂದು ಕೂಲಿಗೆ ಬಂದವರನ್ನು ಯಾರೂ ಕೇಳಲಿಲ್ಲ. ಬಡತನಕ್ಕೆ ಅಂತಲೇ ಮಾಡುವುದಾದರೆ ನನ್ನ ಮತ ಇದಕ್ಕೆ. ನಮ್ಮ ಮಲೆನಾಡಿನಲ್ಲೂ ಅಕೇಶಿಯಾ ಎಷ್ಟಿದೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಅಪ್ಪನಿಗೆ ಕತ್ತಿ ಹಿಡಿಯಲು ಬರುತ್ತದೆ, ಯಾವ ಮರ ಬಿಡಬೇಕು, ಯಾವುದು ತೆಗೆಯಬೇಕು ಎನ್ನುವುದೂ ಬರುತ್ತದೆ.

ಒಂದು ಕೆಲಸ ಮಾಡು. ಅಪ್ಪ, ಅಮ್ಮ ವರ್ಷದಲ್ಲಿ ಬೆಟ್ಟದಲ್ಲಿ ಎಷ್ಟು ದಿನ ದುಡಿಯುತ್ತಾರೆ, ಎಷ್ಟು ಕೂಲಿ ಎಂದು ಬರೆದು ನನಗೆ ಕಳಿಸು. ಇಂಥ ಯೋಜನೆಯ ಸಭೆಗಳಿಗೆ ನನ್ನನ್ನು ಆಗಾಗ ಕರೆಯುತ್ತಾರೆ. ಅಲ್ಲಿ ಎಕರೆ ಲೆಕ್ಕ ತರುವವರು ಬೇಕಾದಷ್ಟು ಜನ ಇರುತ್ತಾರೆ. ದಿನದ ಲೆಕ್ಕ ತಂದವರನ್ನು ನಾನು ಕಂಡಿಲ್ಲ.

ನಮ್ಮದು ಮೂರು ಎಕರೆ ಕಾಫಿ. ಒಂದು ಕಂಪನಿಯವರು ಬಂದು ನೆರಳಿನ ಮರಗಳ ಕಾರ್ಬನ್ನಿಗೆ ಹಣ ಕೊಡುತ್ತೇವೆ, 40 ವರ್ಷಕ್ಕೆ ಸಹಿ ಹಾಕಿ ಎಂದರು. ಇಂಗ್ಲಿಷ್ ಕಾಗದ, ಹದಿನೆಂಟು ಪುಟ. ಹಾಕಬಹುದಾ?
— ಓದುಗರು, ಮೂಡಿಗೆರೆ ತಾಲ್ಲೂಕು

ಈ ವಾರ ಹಾಕಬೇಡಿ.

ಮೊದಲೇ ಇದ್ದ, ಯಾರೂ ಕಡಿಯಲು ಹೊರಡದ ಮರಕ್ಕೆ ಕಾರ್ಬನ್ ಕ್ರೆಡಿಟ್, ಅಂದರೆ ಹೀರಿದ ಹೊಗೆಗೆ ಲೆಕ್ಕ ಹಾಕಿ ಮಾರುವ ಚೀಟಿ, ಸಿಗುವುದು ಕಷ್ಟ. ಹೊಸದಾಗಿ ಹೀರಿದ ಹೊಗೆಗೆ ಲೆಕ್ಕ, ಒಂದು ಟನ್ನಿಗೆ ಒಂದು ಕ್ರೆಡಿಟ್. ಹಾಗಿರುವಾಗ ಅವರು ಯಾವ ಮರಕ್ಕೆ ಹಣ ಕೊಡುತ್ತಾರೆ ಎಂದು ಕೇಳಿ. ಕ್ರೆಡಿಟ್ ಮಾರಿದ ಬೆಲೆಯಲ್ಲಿ ನಿಮ್ಮ ಪಾಲು ಎಷ್ಟು, ಮಾರಿದ ರಸೀದಿ ತೋರಿಸುತ್ತಾರಾ ಕೇಳಿ. ಆಷಾಢದ ಗಾಳಿಗೆ ಮರ ಬಿದ್ದರೆ ಯಾರ ತಲೆಗೆ? ನೆರಳು ಜಾಸ್ತಿಯಾಗಿ ಗಿಡ ಸೊರಗಿದಾಗ ಕಸಿ ಮಾಡಲು, ಅದೇ ಕೊಂಬೆ ಸವರಲು, ಅವರ ಅಪ್ಪಣೆ ಬೇಕಾ? ಸಿಲ್ವರ್ ಓಕ್ ಮಾರಿ ಮಗಳ ಮದುವೆ ಮಾಡುವ ಲೆಕ್ಕ ನಿಮಗಿದ್ದರೆ 40 ವರ್ಷ ಅದು ಆಗುತ್ತದಾ? ತೋಟದ ಮೇಲೆ ಸಾಲ ಇದ್ದರೆ ಮೊದಲು ನಿಮ್ಮ ಬ್ಯಾಂಕಿನವರಿಗೆ ತೋರಿಸಿ. ಜಗಳ ಬಂದರೆ ಯಾವ ಊರಿನ ಕೋರ್ಟು ಎಂದು ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿ ಇರುತ್ತದೆ, ಅದನ್ನು ಮೊದಲು ಓದಿಸಿ.

40 ವರ್ಷ ಅಂದರೆ ನಿಮ್ಮ ಮಕ್ಕಳ ಸಹಿಯನ್ನೂ ನೀವೇ ಹಾಕಿದ ಹಾಗೆ. ಅವರನ್ನು ಕೂರಿಸಿಕೊಂಡು ಮಾತಾಡಿ. ಕಂಪನಿಯವರಿಗೆ ಕನ್ನಡದ ಪ್ರತಿ ಕೊಡಿ ಎಂದು ಹೇಳಿ, ಬಂದರೆ ನನಗೊಂದು ಜೆರಾಕ್ಸ್ ಕಳಿಸಿ, ಖಾತೆ ನಂಬರ್ ಮೇಲೆ ಮಸಿ ಬಳಿದು. ಹದಿನೈದು ದಿನದಲ್ಲಿ ಓದಿ ಬರೆಯುತ್ತೇನೆ.